ಭಾವನ ಟುವಾಲಿನ ಕೆಳಗೆ

ಇಡೀ ದಿನ ಕಬಡ್ಡಿ ನೋಡಿ ಬಂದು, ಯಾರು ಗೆದ್ದರು ಎಂದು ಕೇಳಿದರೆ ಗೊತ್ತಿಲ್ಲ ಎನ್ನುವ ಮನುಷ್ಯನನ್ನು ನೀವು ಕಂಡಿದ್ದೀರಾ? ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕು ಜಾಲಾಡಿದರೂ ಅಂಥವನು ಒಬ್ಬನೇ ಸಿಗುತ್ತಾನೆ. ನನ್ನ ಪುಣ್ಯಕ್ಕೆ ಅವನು ನನ್ನ ಹೆಂಡತಿಯ ಅಣ್ಣ!

"ಭಾವ, ಫೈನಲ್ ಯಾರದ್ದಾತು?" ಎಂದು ಕೇಳುತ್ತೇನೆ.

"ಅದೆಂತಕ್ಕೆ ನಿಂಗೆ? ಯಲ್ಲಾಪುರದ ಆರು ನಂಬರ್ ಹುಡುಗನ ಹಿಮ್ಮಡಿ ನೋಡ್ಬೇಕಿತ್ತು ಮಾರಾಯ. ನೆಲಕ್ಕೆ ಹೊಲಿದ ಹಾಗಿತ್ತು!"

ಹಿಮ್ಮಡಿ! ಮೂರು ಬಸ್ಸು ಬದಲಿಸಿ ಹೋಗಿ ಈ ಪ್ರಾಣಿ ನೋಡಿ ಬಂದದ್ದು ಒಬ್ಬ ಹುಡುಗನ ಹಿಮ್ಮಡಿಯನ್ನು.

ವಿಷಯ ಏನೆಂದರೆ, ಟೀವಿಯಲ್ಲಿ ಬರುವ ದೊಡ್ಡ ಕಬಡ್ಡಿಗೆ ನಮ್ಮ ಕಡೆಯ ಕಾಲೇಜು ಹುಡುಗರಲ್ಲಿ ಯಾರು ಲಾಯಕ್ಕು ಎಂದು ಆರಿಸುವ ಕೆಲಸ ಭಾವನದು. ಈ ಕೆಲಸಕ್ಕೆ ಅವನನ್ನು ಯಾರೂ ನೇಮಿಸಿಲ್ಲ. ನೇಮಿಸದೆ ಇದ್ದುದರಿಂದಲೇ ತೆಗೆದುಹಾಕಲಿಕ್ಕೂ ಯಾರಿಂದಲೂ ಆಗಿಲ್ಲ. ಆರಿಸುವುದಾದರೂ ಯಾರನ್ನು? ತೊಡೆ ತಟ್ಟಿಕೊಂಡು ದಾಳಿಗೆ ಹೋಗುವ, ಹುಡುಗಿಯರು ಫೋಟೋ ತೆಗೆಯುವ ರೈಡರುಗಳನ್ನಲ್ಲ. ಅವರು ಬಂದಾಗ ಭಾವ ಎಲೆಯಡಿಕೆಯ ಕವಳ ಹಾಕಿಕೊಳ್ಳುತ್ತಾನೆ. ಅವನ ಕಣ್ಣೇನಿದ್ದರೂ ಪಕ್ಕದವನ ಕೈ ಹಿಡಿದು ಗೋಡೆಯ ಹಾಗೆ ನಿಲ್ಲುವ ಕವರ್ ಹುಡುಗರ ಮೇಲೆ. ದಾಳಿಗೆ ಬಂದವನನ್ನು ಎದೆಕೊಟ್ಟು ತಡೆಯುವವರು ಅವರು, ಹಿಂದಿನಿಂದ ಕಾಲು ಹಿಡಿದು ಚಪ್ಪಾಳೆ ತಗೊಳ್ಳುವವರು ಬೇರೆಯವರು.

ಈ ಒಂದು ವಿಷಯದಲ್ಲಿ ಭಾವನ ಮಾತು ನನಗೆ ಒಪ್ಪಿಗೆ. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟು ವೆಲ್ಡಿಂಗ್ ಕಲಿತವನು. ಇಸಳೂರಿನ ಹೊಸ ಮನೆಗಳಲ್ಲಿ ಅರ್ಧಕ್ಕರ್ಧ ಗೇಟು ನನ್ನ ಕೈಯವು. ಒಂದಾದರೂ ಜೋತುಬಿದ್ದದ್ದು ತೋರಿಸಿ, ಅಂಗಡಿ ಮುಚ್ಚುತ್ತೇನೆ! ಗೃಹಪ್ರವೇಶಕ್ಕೆ ಬಂದವರು ಗೇಟಿನ ಮೇಲಿನ ನವಿಲು ನೋಡಿ ಹೊಗಳುತ್ತಾರೆ. ಅದನ್ನೆಲ್ಲ ಹೊತ್ತುಕೊಂಡು ತಿರುಗುವ ಬಿಜಾಗರಿಯನ್ನು ಬಗ್ಗಿ ನೋಡಿದವರು ಇವತ್ತಿನವರೆಗೆ ಒಬ್ಬರೂ ಇಲ್ಲ. ಕವರ್ ಹುಡುಗ ಎಂದರೆ ಬಿಜಾಗರಿ. ಭಾವ ಬಗ್ಗಿ ನೋಡುವವನು.

ಆದರೆ ಬಗ್ಗುವುದಕ್ಕೂ ಒಂದು ಮಿತಿ ಬೇಡವೇ? ಒಮ್ಮೆ ಯಲ್ಲಾಪುರದ ಮೈದಾನದಲ್ಲಿ ಭಾವ ಅಂಕಣದ ಗೆರೆಗೆ ಗಲ್ಲ ತಾಗಿಸಿ ಅಡ್ಡ ಮಲಗಿಬಿಟ್ಟ. ಎಕ್ಕಂಬಿ ಕಡೆಯಿಂದ ಬಂದ ಒಬ್ಬರು ಗಾಬರಿಯಾಗಿ ನೀರಿನ ಬಾಟಲಿ ಹಿಡಿದು ಓಡಿ ಬಂದರು.

"ಏಳ್ರಿ ಯಜಮಾನ್ರ, ಏನಾತ್ರಿ? ಚಕ್ಕರ್ ಬಂತೇನ್ರಿ?"

"ಸುಮ್ನಿರಿ ಮಾರಾಯ್ರೆ, ಬಲಗಾಲು ಎತ್ತದು ತಡ ಆಗ್ತಾ ಉಂಟು."

"ಯಾರದ್ರಿ, ನಿಮ್ದೇನ್ರಿ?"

"ನಂದಲ್ಲ, ಆ ನಾಲ್ಕು ನಂಬರಿಂದು!"

ಅವರು ಬಾಟಲಿಯ ನೀರನ್ನು ತಾವೇ ಕುಡಿದು ಹೋದರು.

ಇದೆಲ್ಲ ಎಲ್ಲಿಂದ ಬಂತು ಎಂದು ಕೇಳಿದಿರಾ? ಭಾವ ಮೂವತ್ತು ವರ್ಷ ದನದ ದಲ್ಲಾಳಿ. ಬಯಲುಸೀಮೆಯ ಸಂತೆಗಳಿಂದ ಉಳುವ ಎತ್ತು ಆರಿಸಿ ತಂದು ಈ ಮೂರು ತಾಲೂಕಿಗೂ ಕೊಟ್ಟವನು. ಗೊರಸು, ನಡಿಗೆ, ಭುಜ, ಹಲ್ಲು ನೋಡಿ ಎತ್ತಿನ ಜಾತಕ ಹೇಳುತ್ತಿದ್ದ. ಆಮೇಲೆ ಗದ್ದೆಗದ್ದೆಗೂ ಟಿಲ್ಲರ್ ಬಂತು. ಸಂತೆ ಖಾಲಿಯಾಯಿತು, ಕಣ್ಣು ಖಾಲಿಯಾಗಲಿಲ್ಲ. ಟಿಲ್ಲರಿನ ಹಲ್ಲು ಎಣಿಸಲಿಕ್ಕೆ ಆಗುತ್ತದೆಯೇ? ಒಂದು ದಿನ ಯಾರ ಜೊತೆಗೋ ಕಬಡ್ಡಿ ನೋಡಲು ಹೋದ. ಎರಡು ಕಾಲಿನ ದನ ಕಂಡವನ ಹಾಗೆ ಮುಖ ಅರಳಿಸಿಕೊಂಡು ಬಂದ.

ಹಲ್ಲಿನ ವಿಷಯಕ್ಕೆ ಬಂದೆ ನೋಡಿ. ಸಿದ್ದಾಪುರದ ಕಾಲೇಜು ಪಂದ್ಯಕ್ಕೆ ಹೊರಗಿನ ತಂಡವೊಂದು ಬಂದಿತ್ತು. ಅದರಲ್ಲೊಬ್ಬ ಬಿ.ಎ. ಮೊದಲ ವರ್ಷದ ವಿದ್ಯಾರ್ಥಿ, ನೋಡಲಿಕ್ಕೆ ಹಲಸಿನ ಮರದ ಬೊಡ್ಡೆ! ಅವನು ಬಾಯಿಬಿಟ್ಟು ನಕ್ಕದ್ದೇ ತಡ, ಭಾವ ಹತ್ತಿರ ಹೋಗಿ ಇಣುಕಿ, "ಇದು ಬಾಯಿಗೂಡಿದ ಮಾಲು, ಹಲ್ಲೆಲ್ಲ ಬಂದು ಹತ್ತು ವರ್ಷ ಆಗಿರ್ಬೇಕು" ಎಂದು ಘೋಷಿಸಿದ. ಆ ತಂಡದ ಮಾಸ್ತರು ಆಧಾರ್ ಕಾರ್ಡು, ಕಾಲೇಜು ಕಾರ್ಡು ಎಲ್ಲ ತೋರಿಸಿ ಕೂಗಾಡಿದರು. ಭಾವ ತಲೆ ತಗ್ಗಿಸಿ ಬಂದ. ಊಟದ ಹೊತ್ತಿಗೆ ಆರೇಳು ವರ್ಷದ ಹುಡುಗಿಯೊಬ್ಬಳು ಓಡಿ ಬಂದು ಆ ಮೊದಲ ವರ್ಷದ ವಿದ್ಯಾರ್ಥಿಯ ಕಾಲು ತಬ್ಬಿ, "ಅಪ್ಪಾ, ಐಸ್‌ಕ್ರೀಮು!" ಎಂದಳು. ಭಾವ ಕಿಸೆಯಿಂದ ಕಾಸು ತೆಗೆದು ಮಗುವಿಗೆ ಐಸ್‌ಕ್ರೀಮು ತಾನೇ ಕೊಡಿಸಿದ. ಸಾಕ್ಷಿದಾರರನ್ನು ಚೆನ್ನಾಗಿ ನೋಡಿಕೊಳ್ಳಬೇಕಂತೆ!

ಹೇರೂರಿನ ಹುಡುಗನ ಕತೆ ಇನ್ನೂ ಚಂದ. ಆಟಗಾರನನ್ನು ಮೈದಾನದಲ್ಲಿ ನೋಡಿದರೆ ಸಾಲದು, ಕಟ್ಟುವ ಹಟ್ಟಿಯಲ್ಲೂ ನೋಡಬೇಕು ಎಂಬುದು ಭಾವನ ಸಿದ್ಧಾಂತ. ನನ್ನ ಬೈಕಿನಲ್ಲಿ ಇಬ್ಬರೂ ಹೋದೆವು. ಭಟ್ಟರ ಮನೆ. ಭಾವ ಜಗುಲಿಯಲ್ಲಿ ಕೂತು ವಿಚಾರಣೆ ಶುರು ಮಾಡಿದ. ಹುಡುಗ ಎಷ್ಟು ಎತ್ತರ? ಊಟ ಹೇಗೆ? ಸಿಟ್ಟು ಬರುತ್ತದಾ? ದೂರದ ಊರಿಗೆ ಕಳಿಸಲಿಕ್ಕೆ ತಯಾರಿದ್ದೀರಾ? ಭಟ್ಟರು ಬಹಳ ಮರ್ಯಾದೆಯಿಂದ ಉತ್ತರ ಕೊಟ್ಟರು. ತಟ್ಟೆ ತುಂಬ ಕೇಸರಿಬಾತು ಬಂತು, ಹುಡುಗನೂ ಬಂದು ನಮ್ಮ ಜೊತೆ ಕೂತ. ನನಗೆ ಆಗಲೇ ಅನುಮಾನ. ಕಬಡ್ಡಿಗೆ ಯಾರಾದರೂ ಕೇಸರಿಬಾತು ಮಾಡುತ್ತಾರಾ? ಒಳಗಿನಿಂದ ಹುಡುಗನ ತಾಯಿ ಗಂಡನಿಗೆ ಹೇಳಿದ್ದು ಜಗುಲಿಗೇ ಕೇಳಿತು.

"ಹುಡುಗಿ ಎಂತ ಓದಿದ್ದಡ, ಕೇಳಿ ಸ್ವಲ್ಪ! ತೋಟಕ್ಕೆ ಇಳಿಯದು ಬ್ಯಾಡ, ಅಡುಗೆನೂ ನಾನೇ ಮಾಡ್ತೆ ಅಂತ ಹೇಳಿ!"

ಮದುವೆ ದಲ್ಲಾಳಿ ಎಂದುಕೊಂಡಿದ್ದರು ಪಾಪ! ಸತ್ಯ ತಿಳಿದ ಮೇಲೆ ಆ ತಾಯಿಯ ಮುಖ ನೋಡಲಾಗಲಿಲ್ಲ. ಭಾವ ಮಾತ್ರ ದಾರಿಯುದ್ದಕ್ಕೂ ಗೊಣಗಿದ: "ಆ ಹುಡುಗ ಆಗ್ಲಿಕ್ಕಿಲ್ಲ. ಕೇಸರಿಬಾತು ಎರಡನೇ ಸಲ ಹಾಕಿಸ್ಕಂಡ. ಸೊಂಟ ಭಾರ ಆಗ್ತದೆ." ತಾನು ಮೂರನೇ ಸಲ ಹಾಕಿಸಿಕೊಂಡದ್ದು ಲೆಕ್ಕಕ್ಕಿಲ್ಲ.

ಈಗ ಟುವಾಲಿನ ವಿಷಯ. ಭಾವನ ಹೆಗಲ ಮೇಲೆ ಒಂದು ಕೆಂಪು ಚೌಕಳಿ ಟುವಾಲು ಸದಾ ಇರುತ್ತದೆ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವ ಕ್ರಮ ಇರಲಿಲ್ಲ. ಇಬ್ಬರೂ ಕೈ ಹಿಡಿದು, ಮೇಲೆ ಟುವಾಲು ಮುಚ್ಚಿ, ಬೆರಳು ಒತ್ತಿ ಬೆಲೆ ಹೇಳುವುದು. ಸುತ್ತ ನೂರು ಜನ ನಿಂತಿದ್ದರೂ ಆ ಬೆಲೆ ಆ ಎರಡು ಕೈಗಳಿಗೆ ಮಾತ್ರ ಗೊತ್ತು. ಒಮ್ಮೆ ಒತ್ತಿದ ಬೆರಳನ್ನು ಹಿಂದಕ್ಕೆ ತಗೊಳ್ಳುವ ಹಾಗಿಲ್ಲ. ಭಾವ ಇದೇ ಕ್ರಮವನ್ನು ಕಬಡ್ಡಿಗೂ ತಂದ. ಪಂದ್ಯ ಮುಗಿದ ಮೇಲೆ ಹುಡುಗನ ಕೈ ಹಿಡಿದು ಟುವಾಲು ಮುಚ್ಚಿ ಬೆರಳು ಒತ್ತುತ್ತಾನೆ. ಕಾಲಿಗೊಂದು, ಸೊಂಟಕ್ಕೊಂದು, ಹಿಡಿತಕ್ಕೊಂದು, ಕಣ್ಣಿಗೊಂದು ಬೆರಳು. ಹೆಬ್ಬೆರಳು ನಿಯತ್ತಿಗೆ. ನಾಲ್ಕು ಬೆರಳು ಒತ್ತಿಸಿಕೊಂಡವರು ಕೆಲವರಿದ್ದಾರೆ. ಹೆಬ್ಬೆರಳು ಯಾರಿಗೂ ಸಿಕ್ಕಿಲ್ಲ ಎಂದು ಮೂರೂ ತಾಲೂಕಿನ ಹುಡುಗರು ಹೇಳಿಕೊಂಡು ನಗುತ್ತಾರೆ. ನಗುತ್ತ ನಗುತ್ತಲೇ ಸಾಲಾಗಿ ನಿಂತು ಕೈ ಚಾಚುತ್ತಾರೆ!

ಕಳೆದ ಸಲ ಟೀವಿ ಕಬಡ್ಡಿಯ ಹರಾಜು ತೋರಿಸುತ್ತಿದ್ದರು. ನಮ್ಮ ಮನೆಯಲ್ಲೇ ಕೂತು ಭಾವ ನೋಡಿದ. ಸೂಟು ಹಾಕಿಕೊಂಡವರು ಹುಡುಗರ ಬೆಲೆ ಕೂಗಿ ಕೂಗಿ ಸುತ್ತಿಗೆ ಕುಟ್ಟುತ್ತಿದ್ದರು. ಒಬ್ಬನನ್ನು ಯಾರೂ ಕೂಗಲಿಲ್ಲ. ಅವನ ಫೋಟೋ ಮಾತ್ರ ಪರದೆಯ ಮೇಲೆ ನಗುತ್ತಲೇ ಇತ್ತು. ಭಾವ ಎದ್ದವನೇ ಹೆಗಲ ಟುವಾಲು ತೆಗೆದು ಟೀವಿಗೆ ಹೊದೆಸಿಬಿಟ್ಟ.

"ದನದ ಎದುರು ಸಹ ನಾವು ಬೆಲೆ ಹೇಳ್ತಿರ್ಲಿಲ್ಲ. ಬಿಕರಿ ಆಗದ್ದನ್ನ ಸಂಜೆ ಸುಮ್ನೆ ಹೊಡ್ಕಂಡು ಮನೆಗೆ ಹೋಗ್ತಿದ್ವು. ಇವ್ರಿಗೆ ಒಂದು ಟುವಾಲಿಗೂ ಗತಿ ಇಲ್ವಾ?"

"ಅಣ್ಣಾ, ನನ್ನ ಧಾರಾವಾಹಿ ಟೈಮಾತು, ಅದನ್ನ ತೆಗಿ" ಎಂದಳು ನನ್ನ ಹೆಂಡತಿ.

ಇಷ್ಟೆಲ್ಲ ನಗುತ್ತ ಹೇಳುತ್ತಿರುವ ನನ್ನ ಹೊಟ್ಟೆಯಲ್ಲೂ ಒಂದು ಮುಳ್ಳಿತ್ತು. ನನ್ನ ಮಗನೂ ಕವರ್ ಆಟಗಾರ. ಶಿರಸಿಯ ಕಾಲೇಜು ತಂಡದಲ್ಲಿ ಮೂರು ವರ್ಷದಿಂದ ಬಲಗಡೆ ನಿಲ್ಲುತ್ತಾನೆ. ಊರ ಮಕ್ಕಳ ಕೈಗೆಲ್ಲ ಟುವಾಲು ಹೊದೆಸಿದ ಭಾವ, ಸ್ವಂತ ತಂಗಿಯ ಮಗನ ಕೈಯನ್ನು ಒಮ್ಮೆಯೂ ಹಿಡಿದಿರಲಿಲ್ಲ. ಮಗ ಬಾಯಿಬಿಟ್ಟು ಕೇಳುವವನಲ್ಲ. ಆ ವಿಷಯದಲ್ಲಿ ನನ್ನದೇ ತಳಿ. ಪಂದ್ಯ ಮುಗಿದ ಮೇಲೆ ಮಾವನ ಎದುರು ಸುಮ್ಮಸುಮ್ಮನೆ ಬೂಟಿನ ಲೇಸು ಬಿಚ್ಚಿ ಕಟ್ಟುತ್ತಿದ್ದ, ಅಷ್ಟೇ. ಒಂದು ದಿನ ನಾನೇ ಕೇಳಿದೆ.

"ಅವನ ಆಟ ಅಷ್ಟು ಕಳಪೆಯಾ ಭಾವ?"

"ಮನೆ ದನಕ್ಕೆ ದಲ್ಲಾಳಿ ಬೆಲೆ ಕಟ್ಟಬಾರ್ದು. ಕಣ್ಣು ಸುಳ್ಳು ಹೇಳ್ತದೆ" ಎಂದು ಎದ್ದು ಹೋದ. ನನಗೆ ಸಿಟ್ಟು ಬಂದು ಎರಡು ತಿಂಗಳು ಮಾತು ಬಿಟ್ಟೆ. ನಮ್ಮನೆ ಚಹಾ ಮಾತ್ರ ಅವನು ಬಿಡಲಿಲ್ಲ.

ಈ ವರ್ಷ ದೊಡ್ಡ ಕಬಡ್ಡಿಯ ಒಂದು ತಂಡದವರು ಶಿರಸಿಯಲ್ಲೇ ಆಯ್ಕೆ ಇಟ್ಟುಕೊಂಡರು. ಕಾಲೇಜು ತಂಡಗಳಿಂದ ಎಂಟು ಹುಡುಗರನ್ನು ತರಬೇತಿಗೆ ಒಯ್ಯುತ್ತಾರಂತೆ. ಮಗನದು ಕೊನೆಯ ವರ್ಷ. ಇದು ತಪ್ಪಿದರೆ ಕಾಲೇಜೂ ಇಲ್ಲ, ತಂಡವೂ ಇಲ್ಲ. ಹದಿನೈದು ದಿನದಿಂದ ಅವನು ಸರಿಯಾಗಿ ಉಂಡಿರಲಿಲ್ಲ. ನಾನು ಜೀವನದಲ್ಲಿ ಮೊದಲ ಸಲ ಕೆಲಸದ ದಿನ ಅಂಗಡಿಗೆ ಬೀಗ ಹಾಕಿ ಮೈದಾನಕ್ಕೆ ಹೋದೆ.

ಬೆಂಗಳೂರಿನಿಂದ ಬಂದ ಆಯ್ಕೆಗಾರರು ಕೈಯಲ್ಲಿ ಟ್ಯಾಬು, ಕೊರಳಲ್ಲಿ ಸೀಟಿ ಹಾಕಿಕೊಂಡಿದ್ದರು. ಮೊದಲು ಅಳತೆ. ಎತ್ತರ, ತೂಕ, ತೋಳಿನ ಉದ್ದ, ಅಂಗೈ ಅಗಲ. ನನ್ನ ಅಂಗಡಿಯಲ್ಲಿ ಚಾನೆಲ್ ಪಟ್ಟಿ ಸಹ ಇಷ್ಟು ಅಳೆಸಿಕೊಂಡಿರಲಿಕ್ಕಿಲ್ಲ! ಆಮೇಲೆ ಆಟ. ಮಗನ ಪಕ್ಕದ ಹುಡುಗ ಮ್ಯಾಟಿನ ಮೇಲೆ ಜಾರಿ ಬಿದ್ದ. ದಾಳಿಗಾರ ಅದೇ ಸಂದಿಯಲ್ಲಿ ನುಗ್ಗಿದ. ಬಿದ್ದವನ ಕೈ ಬಿಟ್ಟಿದ್ದರೆ ಮಗ ಹಾರಿ ಹಿಡಿದು ಹೆಸರು ಮಾಡಬಹುದಿತ್ತು. ಬಿಡಲಿಲ್ಲ. ಒಂದು ಕೈಯಲ್ಲಿ ಅವನನ್ನು ಹಿಡಿದುಕೊಂಡೇ ಎದೆ ಕೊಟ್ಟು ನಿಂತ. ಡಿಕ್ಕಿಯ ಸದ್ದು ನನ್ನ ಪಕ್ಕೆಯಲ್ಲೇ ಆದ ಹಾಗಾಯಿತು. ದಾಳಿಗಾರ ಅಲ್ಲೇ ನಿಂತ. ಹಿಂದಿನಿಂದ ಮತ್ತೊಬ್ಬ ಬಂದು ಅವನ ಕಾಲು ಹಿಡಿದ. ಸೀಟಿ, ಚಪ್ಪಾಳೆ, ಅಂಕ ಆ ಕಾಲು ಹಿಡಿದವನಿಗೆ. ಹೀಗೆ ಮೂರು ಸಲ ಆಯಿತು. ಮಗನ ಹೆಸರಿನ ಮುಂದೆ ಟ್ಯಾಬಿನಲ್ಲಿ ಮೂರು ಸೊನ್ನೆ. ತಡೆದು ನಿಂತವನಿಗೆ ಅದರಲ್ಲಿ ಕಾಲಮ್ಮೇ ಇಲ್ಲವಂತೆ.

ಭಾವ ತಡೆಯಲಾಗದೆ ಅಂಕಣಕ್ಕೇ ಇಳಿದ. ಸೀದಾ ಆಯ್ಕೆಗಾರರ ಹತ್ತಿರ ಹೋಗಿ, ಏನು ಎತ್ತ ಎನ್ನದೆ, ಅವರ ಕೈ ಹಿಡಿದು ಟುವಾಲು ಮುಚ್ಚಿ, ನನ್ನ ಮಗನ ಕಡೆಗೆ ಗಲ್ಲ ತೋರಿಸಿ ಬೆರಳು ಒತ್ತಿದ. ಒಂದು, ಎರಡು, ಮೂರು...

"ಏನ್ರೀ ಇದು! ಲಂಚನಾ? ಎಲ್ಲರ ಎದುರಿಗೇ ಐದು ಕೊಡ್ತೀನಿ ಅಂತೀರಾ?" ಆಯ್ಕೆಗಾರರು ಕೈ ಕೊಡವಿ ಕೂಗಿದ್ದು ಮೈದಾನಕ್ಕೆಲ್ಲ ಕೇಳಿತು. ಎರಡು ಫೋನುಗಳು ವಿಡಿಯೋಗೆ ಎದ್ದವು. ಮಗ ತಲೆ ತಗ್ಗಿಸಿದ. ಇಬ್ಬರು ಬಂದು ಭಾವನ ರಟ್ಟೆ ಹಿಡಿದು ಗೇಟಿನಾಚೆ ಬಿಟ್ಟು ಅಗಳಿ ಹಾಕಿದರು. ಆ ಗೇಟು ನಾನೇ ಮಾಡಿದ್ದು. ಒಳಗೆ ಇಣುಕಲಿಕ್ಕೂ ಸಂದಿಯಿಲ್ಲದ ಹಾಗೆ ಶೀಟು ಬಡಿದಿದ್ದೆ.

ಮಧ್ಯಾಹ್ನ ಪಟ್ಟಿ ಓದಿದರು. ಎಂಟು ಹೆಸರು. ಆರು ರೈಡರು, ಇಬ್ಬರು ಕಾಲು ಹಿಡಿಯುವವರು. ಮಗನ ಹೆಸರು ಇರಲಿಲ್ಲ.

ಕಾಲೇಜಿನ ಮಾಸ್ತರು ನಮ್ಮಿಬ್ಬರ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ನಿಮ್ಮ ಭಾವನಿಂದ ಆದದ್ದಲ್ಲ ಮಾರಾಯ. ಬೆಳಿಗ್ಗೆ ಅಳತೆ ಆದಾಗ್ಲೇ ಇವನ ಹೆಸರು ಹೊಡೆದಾಗಿತ್ತು. ಎತ್ತರ ಎರಡು ಇಂಚು ಕಮ್ಮಿ. ಹಾಂಗಾರೆ ಆಡಿಸಿದ್ದು ಎಂತಕ್ಕೆ ಅಂತ ಕೇಳಿದೆ. ಊಟದವರೆಗೆ ಹೊತ್ತು ಹೋಗ್ಬೇಕಲ್ಲ ಅಂದ್ರು."

ಅಗಳಿ ತೆಗೆದು ಹೊರಗೆ ಬಂದೆವು. ಭಾವ ರಸ್ತೆಯಾಚೆಯ ಮೋರಿಕಟ್ಟೆಯ ಮೇಲೆ ಕೂತಿದ್ದ. ಮೂವತ್ತು ವರ್ಷ ಸಂತೆಯಲ್ಲಿ ಎಷ್ಟು ಬೈಸಿಕೊಂಡರೂ ಕುಗ್ಗದ ಮನುಷ್ಯ ಒದ್ದೆ ಗೋಣಿಯ ಹಾಗೆ ಮುದುಡಿದ್ದ. ನಮ್ಮ ಮುಖ ನೋಡಿದ್ದೇ ಪಟ್ಟಿಯೆಲ್ಲ ಓದಿಕೊಂಡ.

"ನಾನೇ ಹಾಳು ಮಾಡಿದೆ ಮಾರಾಯ" ಎಂದ ನನ್ನ ಕಡೆ ನೋಡದೆ. "ಮನೆ ದನಕ್ಕೆ ಬೆಲೆ ಕಟ್ಟಬಾರ್ದು ಅಂತ ಗೊತ್ತಿದ್ದೂ ಕಟ್ಟಿದೆ."

ಮಾಸ್ತರು ಹೇಳಿದ್ದನ್ನು ಹೇಳಬೇಕೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮಗ ಮುಂದೆ ಹೋಗಿ ಮಾವನ ಪಕ್ಕ ಕೂತ. ಅವನ ಹೆಗಲಿನಿಂದ ಟುವಾಲು ಎಳೆದುಕೊಂಡ. ಮಾವನ ಕೈ ಹಿಡಿದು ಅದರ ಮೇಲೆ ಹೊದೆಸಿದ. ರಸ್ತೆಯಲ್ಲಿ ಹುಬ್ಬಳ್ಳಿ ಬಸ್ಸು ಹೋಯಿತು, ಧೂಳು ಎದ್ದಿತು, ಇಬ್ಬರೂ ಅಲುಗಲಿಲ್ಲ. ಮಗನ ಬೆರಳು ಒತ್ತಿದ ಹಾಗೆಲ್ಲ ಟುವಾಲಿನ ಚೌಕಳಿ ಮಾತ್ರ ಸ್ವಲ್ಪ ಉಬ್ಬಿ ಇಳಿಯಿತು, ಐದು ಸಲ.

ಭಾವ ತುಟಿ ಕಚ್ಚಿಕೊಂಡ. ಆಮೇಲೆ, ಹುಟ್ಟಾ ಚೌಕಾಶಿ ಮಾಡಿದವನಲ್ಲವೇ, ಹೇಳಿದ:

"ಹೆಚ್ಚಾತೋ. ಹೆಬ್ಬೆರಳು ಬ್ಯಾಡಾಗಿತ್ತು."

"ಒತ್ತಿದ ಬೆರಳು ಹಿಂದೆ ತಗೊಳ್ಳೋ ಹಾಗಿಲ್ಲ ಅಂದವ ನೀನೇ ಅಲ್ದಾ ಮಾವ?" ಎಂದ ಮಗ. "ಏಳು, ಹೊಡ್ಕಂಡು ಮನೆಗೆ ಹೋಗ್ವ."