ಸದ್ದು ನಿಂತಾಗ ಎದ್ದವರು

ಚಿಕ್ಕಬಳ್ಳಾಪುರದಲ್ಲಿ ಮದುವೆ ಮನೆಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುವವನು ನಾನು. ಸದ್ದಿನ ಸಹವಾಸ ಮಾಡಿದವನಿಗೆ ಇಂಥವು ಆಗುತ್ತಲೇ ಇರುತ್ತವೆ. ಮುಕ್ಕಾಲು ಪಾಲು ನಿಜ. ಉಳಿದ ಕಾಲು ನಿಮ್ಮ ಸಂತೋಷಕ್ಕೆ.

ಮಂಡಿ ನೋವು

ನನ್ನ ನಾದಿನಿಯ ಗಂಡ, ಅಂದರೆ ನನ್ನ ಷಡ್ಡಕ, ಗೌರಿಬಿದನೂರಿನಲ್ಲಿ ಮೇಷ್ಟ್ರು. ದೆವ್ವದ ಕಿರುಚಿತ್ರ ತೆಗೆಯುವ ಹುಚ್ಚು. ಹಿಂದಿನ ಮೂರಕ್ಕೂ ಜನ ನಕ್ಕಿದ್ದರು. ನಮ್ಮಿಬ್ಬರ ಮಾವ ಶಿಡ್ಲಘಟ್ಟದ ಕಡೆ ರೇಷ್ಮೆ ಹುಳ ಸಾಕುವವರು. ಅವರು ಹೇಳಿಬಿಟ್ಟರು: "ಈ ಸಲ ಒಬ್ಬರಾದ್ರೂ ಹೆದರದಿದ್ರೆ ಕ್ಯಾಮೆರಾ ಮಾರಿಬಿಡಪ್ಪ. ಭಾನುವಾರ ನಮ್ಮನೇಲೇ ತೋರಿಸು."

ಸಂಗೀತ ಸೇರಿಸುವ ಮೊದಲು ಷಡ್ಡಕ ಹೊಸ ಚಿತ್ರವನ್ನು ಅತ್ತೆಗೆ ತೋರಿಸಿದ. ಹೆಂಗಸೊಬ್ಬಳು ಮುಚ್ಚಿದ ಬಾಗಿಲ ಕಡೆ ಒಂದೊಂದೇ ಹೆಜ್ಜೆ ಇಡುತ್ತಾಳೆ.

ಅತ್ತೆ ಅಂದರು: "ಪಾಪ, ಅವಳಿಗೂ ಮಂಡಿ ನೋವಾ?"

ಸ್ಟೀಲ್ ತಟ್ಟೆ

ಷಡ್ಡಕ ಅಳುಮೋರೆ ಹಾಕಿಕೊಂಡು ಬಂದ. "ಏನಾದ್ರೂ ಮಾಡಣ್ಣ." ಆ ಹೆಜ್ಜೆಗಳಿಗೆ ಗುಂಯ್ ಎನ್ನುವ ದಪ್ಪ ಸ್ವರ ಸೇರಿಸಿ, ಮದುವೆಗೆ ಕೊಡುವ ದೊಡ್ಡ ಸ್ಪೀಕರಿನಲ್ಲಿ ಅತ್ತೆಗೆ ಕೇಳಿಸಿದೆ. ಅಡುಗೆಮನೆಯ ಸ್ಟ್ಯಾಂಡಿನಿಂದ ತಟ್ಟೆಗಳೆಲ್ಲ ಉದುರಿದವು. ಅತ್ತೆ ಬೆಚ್ಚಿಬಿದ್ದರು.

"ಹೆದರಿದ್ರಲ್ಲ ಅತ್ತೆ."

"ತಟ್ಟೆಗೆ ಹೆದರಿದ್ದು ಕಣಪ್ಪ. ಅವಳಿನ್ನೂ ಬಾಗಿಲಿಗೇ ಹೋಗಿಲ್ಲ."

ಭಾನುವಾರದ ಆಟ

ಕೊನೆಗೆ ಒಂದು ಕಿತಾಪತಿ ಮಾಡಿದೆ. ಬೆಳೆದ ರೇಷ್ಮೆ ಹುಳ ಹಿಪ್ಪುನೇರಳೆ ಸೊಪ್ಪು ತಿನ್ನುವಾಗ ಮಳೆ ಬಂದ ಹಾಗೆ ಸರಸರ ಸದ್ದಾಗುತ್ತದೆ. ಮಾವನ ಹುಳದ ಮನೆಯಲ್ಲೇ ಅದನ್ನು ಕದ್ದು ರೆಕಾರ್ಡ್ ಮಾಡಿ, "ಬೊಂಬಾಯಿಂದ ತರಿಸಿದ ದೆವ್ವದ ಸದ್ದು" ಅಂತ ಷಡ್ಡಕನಿಗೆ ಕೊಟ್ಟೆ. ಚಿತ್ರದಲ್ಲಿ ಅವಳು ನಡೆದಂತೆಲ್ಲ ಸದ್ದು ಏರಬೇಕು. ಚಿಲಕ ಮುಟ್ಟಿದೊಡನೆ ಪೂರ್ತಿ ನಿಲ್ಲಬೇಕು. ಎದೆ ಝಲ್ಲೆನ್ನುವುದು ಆ ಮೌನಕ್ಕೇ.

ಭಾನುವಾರ ಮಧ್ಯಾಹ್ನ ಮಾವನ ನಡುಮನೆಯಲ್ಲಿ ಐವತ್ತು ಜನ. ಸರಿ, ಹದಿನೈದು. ಎಲ್ಲರೂ ಹುಳ ಸಾಕುವವರೇ. ಸರಸರ ಸದ್ದು ಏರಿತು. ಒಬ್ಬರೂ ಹೆದರಲಿಲ್ಲ. ಹುಳ ಚೆನ್ನಾಗಿ ಮೇಯುತ್ತಿವೆ ಅನ್ನುವ ನೆಮ್ಮದಿಯಲ್ಲಿ ಗೋಡೆಗೊರಗಿದರು, ಇಬ್ಬರು ತೂಕಡಿಸಿದರು. ಕ್ಯಾಮೆರಾ ಹೋಯಿತು ಅಂತ ಷಡ್ಡಕನ ಮುಖ ಬಿಳುಚಿತು. ಅವಳು ಚಿಲಕ ಮುಟ್ಟಿದಳು. ಸದ್ದು ನಿಂತಿತು.

"ಅಯ್ಯೋ, ಸೊಪ್ಪು ಮುಗೀತು ಕಣ್ರೋ" ಅಂತ ಮಾವ ಎದ್ದು ಓಡಿದರು. ತೂಕಡಿಸುತ್ತಿದ್ದವರೂ ಸೇರಿ ಇಡೀ ನಡುಮನೆ ಅವರವರ ಹುಳದ ಮನೆಗೆ ಓಡಿತು.

ಷಡ್ಡಕ ಕಣ್ಣೊರೆಸಿಕೊಂಡ. "ಇಷ್ಟೊಂದು ಹೆದರ್ತಾರೆ ಅಂದ್ಕೊಂಡಿರ್ಲಿಲ್ಲಣ್ಣ."

ಅಷ್ಟರಲ್ಲಿ ಮಾವ ಏದುಸಿರು ಬಿಡುತ್ತಾ ವಾಪಸ್ಸು ಬಂದರು. "ಸೊಪ್ಪು ಇನ್ನೂ ಇತ್ತು. ಸುಮ್ನೆ ಜೀವ ಬಾಯಿಗೆ ಬಂತು. ಕ್ಯಾಮೆರಾ ಇಟ್ಕೊಳಪ್ಪ. ಆದ್ರೆ ಇಂಥ ಸಿನಿಮಾನ ಹುಳ ಸೊಪ್ಪು ಬಿಟ್ಟು ಗೂಡು ಕಟ್ಟಿದ ಮೇಲೆ ತೋರಿಸು. ಕೂತು ನೋಡ್ತೀವಿ."