ಗೋಡೆಗೆ ಬೆನ್ನು ಕೊಟ್ಟವರು

ತೊಂದರೆಗೆಲ್ಲ ಮೂಲ ಒಂದು ಬಿರುಕು. ವ್ಯಾಲ್ಯೂಯರ್ ಒಬ್ಬನ ಹೆಂಡತಿಯ ತಮ್ಮ ಕೊಳ್ಳಹೊರಟಿದ್ದ ಮನೆಯ ಹಿಂದಿನ ಕೋಣೆಯಲ್ಲಿ, ಅಂಗೈ ತೂರುವಷ್ಟು ಅಗಲಕ್ಕೆ ಬಾಯಿ ಬಿಟ್ಟುಕೊಂಡಿತ್ತು.

ಬ್ಯಾಂಕು ಸಾಲ ಕೊಡುವ ಮೊದಲು ಮನೆ ನೋಡಿ ಬೆಲೆ ಕಟ್ಟುವುದು ನಮ್ಮ ವ್ಯಾಲ್ಯೂಯರ್‌ನ ಕಸುಬು. ನೆಂಟರ ವ್ಯವಹಾರಕ್ಕೆ ಕೈ ಹಾಕಿದರೆ ಲೈಸೆನ್ಸು ಹೋಗುತ್ತದೆ. ಸುಳ್ಳು ಬರೆದರೆ, ಗೋಡೆ ಬಿದ್ದ ದಿನ ಕೋರ್ಟಿನಲ್ಲಿ ಕೈಕಟ್ಟಿ ನಿಲ್ಲಬೇಕಾದವನೂ ಅವನೇ. ಇದನ್ನೆಲ್ಲ ಹೆಂಡತಿಗೆ ಬಿಡಿಸಿ ಹೇಳಿದ. ಎಲ್ಲ ಕೇಳಿದ ಮೇಲೆ ಅವಳು, "ನನ್ನ ತಮ್ಮನಿಗೆ ಇಷ್ಟೂ ಮಾಡಕ್ಕಾಗಲ್ವಾ?" ಎಂದಳು. ಆ ಪ್ರಶ್ನೆಗೆ ಅವರ ಸಂಸಾರದಲ್ಲಿ ಇದ್ದದ್ದು ಒಂದೇ ಉತ್ತರ.

ಅವನ ಗ್ರಹಚಾರಕ್ಕೆ ಮನೆ ನೋಡಲು ಹೋಗುವ ದಿನ ಬ್ಯಾಂಕಿನ ಮ್ಯಾನೇಜರೂ ಜೊತೆಗೆ ಹೊರಟರು. ಗೇಟಿನಲ್ಲೇ ಪಕ್ಕದ ಮನೆಯಾಕೆ ಹಿಡಿದಳು.

"ಮೊನ್ನೆ ಹೆಂಡ್ತಿ, ಮೈದುನನ್ನ ಕರ್ಕೊಂಡು ಬಂದಿದ್ರಲ್ಲ, ನೀವೇ ಅಲ್ವಾ?"

"ನನ್ನ ಹಾಗೆ ಕಾಣೋರು ತುಂಬಾ ಜನ ಇದ್ದಾರಮ್ಮ."

"ಶರ್ಟೂ ಇದೇ ಇತ್ತು," ಎಂದಳು ಆಕೆ.

ಮ್ಯಾನೇಜರು ಕೇಳಿಸದವರಂತೆ ಒಳಗೆ ನಡೆದರು. ಬಾಡಿಗೆದಾರ ಬೀಗದಕೈ ಕೊಟ್ಟು ಕೆಲಸಕ್ಕೆ ಹೋಗಿದ್ದ. ವ್ಯಾಲ್ಯೂಯರ್ ಸೀದಾ ಹಿಂದಿನ ಕೋಣೆಗೆ ಓಡಿ ಬಿರುಕಿಗೆ ಬೆನ್ನು ಒತ್ತಿ ನಿಂತ. ಮ್ಯಾನೇಜರು ಎದುರಿನ ಅಡುಗೆಮನೆಯಲ್ಲೇ ಉಳಿದು, ಅಲ್ಲಿನ ಗೋಡೆಗೊರಗಿದರು.

"ಗೋಡೆಗಳು ಗಟ್ಟಿ ಇವೆ, ಅಲ್ವಾ?" ಎಂದರು.

"ಬಂಡೆ ಸರ್."

ಅಳತೆ ತೆಗೆಯಬೇಕು. ಟೇಪಿನ ಒಂದು ತುದಿ ಹಿಡಿದುಕೊಂಡು, ಇನ್ನೊಂದು ತುದಿಯನ್ನು ನೀವು ಹಿಡಿಯಿರಿ ಎಂದು ಕೇಳಿಕೊಂಡ. ತಮಗೆ ಸೊಂಟ ಹಿಡಿದಿದೆ, ಅಂದಾಜಿನಲ್ಲೇ ಬರೆದುಕೊಳ್ಳಿ ಎಂದರು ಅವರು. ಎಂಥ ದೊಡ್ಡ ಮನುಷ್ಯ ಎಂದುಕೊಂಡ. ಇಂಥವರಿಗೆ ಮೋಸ ಮಾಡುತ್ತಿದ್ದೇನಲ್ಲ ಎಂದು ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

ಅಷ್ಟರಲ್ಲಿ ಬೆನ್ನಿಗೆ ಏನೋ ಚುಚ್ಚಿತು. ಸುರುಳಿ ಸುತ್ತಿದ ಪೇಪರು, ಅವನ ಪಕ್ಕೆಯ ಪಕ್ಕದಿಂದ ಮೆಲ್ಲಗೆ ಹೊರಬಂತು.

"ಓದಿ ಆಯ್ತು, ತಗೊಳ್ಳಿ," ಎಂದಿತು ಗೋಡೆ.

ಗೋಡೆಯಾಚೆಯ ಹಿಂದಿನ ಮನೆಯ ತಾತ ತಾನು ಓದಿ ಮುಗಿಸಿದ ಪೇಪರನ್ನು ದಿನವೂ ಬಾಡಿಗೆದಾರನಿಗೆ ದಾಟಿಸುತ್ತಿದ್ದದ್ದು ಈ ಬಿರುಕಿನಲ್ಲೇ. ವ್ಯಾಲ್ಯೂಯರ್ ಮೊಣಕೈಯಿಂದ ಅದನ್ನು ಹಿಂದಕ್ಕೆ ತಳ್ಳಿದ. ತಾತ ಮುಂದಕ್ಕೆ ತಳ್ಳಿದ. ಹೀಗೆ ಸ್ವಲ್ಪ ಹೊತ್ತು ನಡೆಯಿತು. ಮ್ಯಾನೇಜರು ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

ಕೊನೆಗೆ ಅವನಿಗೆ ತಡೆಯಲಾಗಲಿಲ್ಲ. ಪಕ್ಕಕ್ಕೆ ಸರಿದು ಬಿರುಕು ತೋರಿಸಿದ. "ತಪ್ಪಾಯ್ತು ಸರ್. ಮನೆ ತಗೊಳ್ತಿರೋನು ನನ್ನ ಹೆಂಡ್ತಿ ತಮ್ಮ. ಮುಚ್ಚಿಡಬೇಕು ಅಂತಾನೇ ಬಂದೆ. ನಾಚಿಕೆಯಾಗ್ತಿದೆ."

ಮ್ಯಾನೇಜರು ನಿಟ್ಟುಸಿರು ಬಿಟ್ಟು ತಾವೂ ಪಕ್ಕಕ್ಕೆ ಸರಿದರು. ಅವರ ಬೆನ್ನಿನ ಹಿಂದೆ ಇನ್ನೊಂದು ಬಿರುಕಿತ್ತು. ಹಿಂದಿನ ಕೋಣೆಯದಕ್ಕೆ ಅಣ್ಣನಂತಿತ್ತು.

"ಮಾರ್ತಿರೋರು ನಮ್ಮಕ್ಕನ ಗಂಡ," ಎಂದರು.

ವ್ಯಾಲ್ಯೂಯರ್‌ಗೇ ಮೊದಲು ಧೈರ್ಯ ಬಂತು. "ನಾನು ಎರಡೂ ಬರೀತೀನಿ ಸರ್. ಸಂಬಂಧಾನೂ ಬರೀತೀನಿ."

"ಬರೀರಿ. ನೀವು ಮುಚ್ಚಿಡೋಕೆ ನೋಡಿದ್ದಕ್ಕೆ ಸಾಕ್ಷಿ ನಾನಿದ್ದೀನಿ, ಲೈಸೆನ್ಸು ನಿಮ್ಮದು ಹೋಗುತ್ತೆ. ನಾನು ಮುಚ್ಚಿಟ್ಟಿದ್ದಕ್ಕೆ ನಿಮ್ಮನ್ನ ಬಿಟ್ರೆ ಸಾಕ್ಷಿ ಯಾರಿದ್ದಾರೆ?"

"ನಾನಿದ್ದೀನಿ," ಎಂದಿತು ಗೋಡೆ. "ಇಬ್ಬರದೂ ಚೆನ್ನಾಗಿ ಕೇಳಿಸ್ತು."

ತಾತ ಯಾರಿಗೂ ಹೇಳುವವನಲ್ಲವಂತೆ, ಸೊಸೆಯೊಬ್ಬಳನ್ನು ಬಿಟ್ಟು. ಅವರು ಬೀಗ ಹಾಕಿ ಹೊರಬರುವಷ್ಟರಲ್ಲಿ ಆ ಸೊಸೆ ಗೇಟಿನ ಬಳಿ ಪಕ್ಕದ ಮನೆಯಾಕೆಯ ಕಿವಿಗೆ ಬಾಯಿಟ್ಟು ನಿಂತಿದ್ದಳು.

ಪಕ್ಕದ ಮನೆಯಾಕೆ ಇಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದಳು. "ನಾನು ಆಗಲೇ ಹೇಳ್ಲಿಲ್ವಾ," ಎಂದಳು, "ಶರ್ಟು ಇದೇ."

ವ್ಯಾಲ್ಯೂಯರ್ ತಲೆ ತಗ್ಗಿಸಿದ. ಬೆನ್ನಿಗೆ ಮೆತ್ತಿದ್ದ ಸುಣ್ಣವನ್ನು ಕೊಡವಿಕೊಳ್ಳಲೂ ಅವನಿಗೆ ಕೈ ಬರಲಿಲ್ಲ.