ಗೌರಿಯ ತೇಗು

ಲೋಕೋದ್ಧಾರದ ಆಸೆ ಒಮ್ಮೆ ತಲೆಗೆ ಹತ್ತಿದರೆ ಮೊದಲು ಪೇಚಿಗೆ ಸಿಕ್ಕುವವರು ಮನೆಯವರೇ. ನಮ್ಮ ಮನೆಯಲ್ಲಿ ಸಿಕ್ಕವಳು ಗೌರಿ, ನಮ್ಮ ಸೀಮೆ ಹಸು. ನಾನು ಜಂಗಮಕೋಟೆಯ ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ಭೂಮಿ ಬಿಸಿಯಾಗುತ್ತಿದೆಯೆಂಬ ಸುದ್ದಿ ಆಗ ಪತ್ರಿಕೆಗಳಲ್ಲಿ ಜೋರಾಗಿತ್ತು. ಅದನ್ನು ಓದಿ ಓದಿ, ಹೆಂಡತಿ ಒಲೆ ಹಚ್ಚಿದರೂ ಗುರಾಯಿಸುವ ಹಂತಕ್ಕೆ ನಾನು ತಲುಪಿದ್ದೆ.

ಆಗ ವೆಟರ್ನರಿ ಕಾಲೇಜಿನಲ್ಲಿ ಓದುತ್ತಿದ್ದ ನಾದಿನಿಯ ಮಗಳು ಶೋಭಾ ರಜಕ್ಕೆ ಬಂದಳು. ಗೌರಿ ತೇಗಿದ್ದನ್ನು ನೋಡಿ, "ದೊಡ್ಡಪ್ಪ, ಭೂಮಿ ಬಿಸಿ ಆಗೋಕೆ ಇದೂ ಒಂದು ಕಾರಣ, ಗೊತ್ತಾ?" ಎಂದಳು. ಹಸುವಿನ ಹೊಟ್ಟೆಯಲ್ಲಿ ಮೇವು ಹುಳಿ ಬರುವಾಗ ಮೀಥೇನ್ ಅನಿಲ ಹುಟ್ಟುತ್ತದಂತೆ, ಅದು ಹೆಚ್ಚಾಗಿ ಹೊರಬೀಳುವುದು ಬಾಯಿಂದಲೇ ಅಂತೆ. ನಾನು ಇಷ್ಟು ವರ್ಷ ಇನ್ನೊಂದು ಕಡೆಯನ್ನು ಅನುಮಾನಿಸಿದ್ದೆ. ಬೂಷ್ಟು ಹಿಡಿದ ಮೇವನ್ನು ಲ್ಯಾಬಿನ ಬಾಟಲಿಯಲ್ಲಿ ಹುಳಿ ಬರಿಸಿ ನೋಡಿದರೆ, ಕೆಲವು ಬೂಷ್ಟಿಗೆ ಮೀಥೇನ್ ಕಡಿಮೆಯಾಗುತ್ತದೆಂದೂ ಹೇಳಿದಳು. "ಆದ್ರೆ ದೊಡ್ಡಪ್ಪ..." ಎಂದು ಅವಳು ಮುಂದುವರಿಸುವಷ್ಟರಲ್ಲಿ ನಾನು ಮನಸ್ಸಿನಲ್ಲೇ ಭೂಮಿಯನ್ನು ತಣ್ಣಗೆ ಮಾಡಿ ಮುಗಿಸಿದ್ದೆ.

ಬೂಷ್ಟಿಗೆ ನಮ್ಮಲ್ಲಿ ಬರವಿರಲಿಲ್ಲ. ನನ್ನ ಹೆಂಡತಿ ಲಲಿತಾ ರೇಷ್ಮೆ ಹುಳು ಸಾಕುತ್ತಾಳೆ. ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಸೊಪ್ಪನ್ನು ಹಸುವಿಗೆ ಹಾಕುವುದು ನಮ್ಮ ಕಡೆ ವಾಡಿಕೆ. ಒದ್ದೆಯಾಗಿ ರಾಶಿಬಿದ್ದು ಬೆಳ್ಳಗೆ ಬೂಷ್ಟು ಬಂದದ್ದನ್ನು ಮಾತ್ರ ಅವಳು ತಿಪ್ಪೆಗೆ ಎಸೆಯುತ್ತಾಳೆ. ಶೋಭಾ ಕಾಲೇಜಿಗೆ ಹಿಂತಿರುಗಿದ ಮೇಲೆ ನಾನು ಆ ಸೊಪ್ಪನ್ನು ಬೂಸಾದ ಜೊತೆ ಕಲಸಿ ಗೌರಿಯ ಮುಂದಿಟ್ಟೆ. ಬೂಸಾದ ಆಸೆಗೆ ಅವಳು ತಿಂದಳು.

ಮರುದಿನ ಗೌರಿ ತೇಗಲೇ ಇಲ್ಲ. ಪ್ರಯೋಗ ಗೆದ್ದಿತೆಂದು ನಾನು ಸಂಭ್ರಮದಿಂದ ಸಾರಿದರೆ, ಲಲಿತಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು. "ಮೇವೇ ಮುಟ್ಟಿಲ್ವಲ್ರೀ. ಮೆಲುಕೂ ಹಾಕ್ತಿಲ್ಲ. ತೇಗು ಎಲ್ಲಿಂದ ಬರ್ಬೇಕು?" ಅವಳ ಕಣ್ಣಲ್ಲಿ ನೀರಿತ್ತು. ಗೌರಿಯನ್ನು ಕರುವಾಗಿನಿಂದ ಸಾಕಿದವಳು ಅವಳು. ನಾನು ಹಿತ್ತಿಲಿಗೆ ಓಡಿದೆ. ಮೊಬೈಲಿಗೆ ಸಿಗ್ನಲ್ ಸಿಗುತ್ತಿದ್ದದ್ದು ತಿಪ್ಪೆಯ ಪಕ್ಕದಲ್ಲಿ ಮಾತ್ರ. ಅಲ್ಲೇ ನಿಂತು ಶೋಭಾಳಿಗೆ ಫೋನ್ ಮಾಡಿದೆ.

"ಅಯ್ಯೋ ದೊಡ್ಡಪ್ಪ, ಬೂಷ್ಟಿಗೆ ಮೇವು ಅರಗೋದೂ ಕಮ್ಮಿ ಆಗತ್ತೆ, ವಿಷಾನೂ ಆಗ್ಬೋದು. ಅದನ್ನೇ ಹೇಳೋಕೆ ಬಂದೆ, ನೀವು ಕೇಳಿಸ್ಕೊಂಡ್ರೆ ತಾನೆ. ಮೊದ್ಲು ಡಾಕ್ಟ್ರನ್ನ ಕರೆಸಿ."

ಡಾಕ್ಟರು ಬಂದು ಔಷಧಿ ಕುಡಿಸಿ, ಒಣ ರಾಗಿಹುಲ್ಲು ಮಾತ್ರ ಹಾಕಿ ಎಂದರು. ಅವತ್ತು ಅಡುಗೆ ಮಾಡುವ ಮನಸ್ಸು ಲಲಿತಾಳಿಗಿರಲಿಲ್ಲ, ಕೇಳುವ ಧೈರ್ಯ ನನಗಿರಲಿಲ್ಲ. ಇಬ್ಬರೂ ಕೊಟ್ಟಿಗೆಯಲ್ಲೇ ಕುಳಿತೆವು. ಗೌರಿ ಹುಲ್ಲಿನ ಎಳೆಯೊಂದನ್ನು ಎಳೆದು, ಯೋಚಿಸಿ, ಇನ್ನೊಂದನ್ನು ಎಳೆದಳು. ಮಾರನೆಯ ಮಧ್ಯಾಹ್ನ ಅವಳ ದವಡೆ ಆಡತೊಡಗಿತು. ಕೊನೆಗೆ ಕತ್ತು ಚಾಚಿ, ಸರಿಯಾಗಿ ನನ್ನ ಮುಖಕ್ಕೇ, ಉದ್ದನೆಯ ತೇಗೊಂದನ್ನು ಬಿಟ್ಟಳು. ಅಷ್ಟು ಸಂತೋಷದಿಂದ ಮೀಥೇನ್ ಕುಡಿದ ಭೂಗೋಳದ ಮೇಷ್ಟ್ರು ನಾನೊಬ್ಬನೇ ಇರಬೇಕು.

ಲಲಿತಾ ನಗುತ್ತ ಒಳಗೆ ಹೋಗಿ ಬಿಸಿ ಮುದ್ದೆ, ಅವರೆಕಾಳು ಸಾರು ಮಾಡಿದಳು. ನಾನು ಹೊಟ್ಟೆ ಬಿರಿಯುವಂತೆ ಉಂಡು ಹಿತ್ತಿಲಿಗೆ ಕೈ ತೊಳೆಯಲು ಬಂದರೆ, ಅವಳು ತಿಪ್ಪೆಯ ಪಕ್ಕ ನಿಂತು ಶೋಭಾಳೊಂದಿಗೆ ಮಾತಾಡುತ್ತಿದ್ದಳು. ತಡೆಯಲು ನೋಡಿದರೂ ನನಗೆ ಜೋರಾಗಿ ತೇಗು ಬಂತು. ಲಲಿತಾ ತಿರುಗಿ ನೋಡಿ ಫೋನಿಗೆ ಹೇಳಿದಳು: "ಇಬ್ರೂ ಹುಷಾರಾದ್ರು ಕಣಮ್ಮ. ಗೌರಿ ಮಧ್ಯಾಹ್ನ ತೇಗಿದ್ಲು, ನಿಮ್ಮ ದೊಡ್ಡಪ್ಪ ಈಗ ತೇಗಿದ್ರು. ಭೂಮಿ ಸಂಗತಿ ನೀನೇ ನೋಡ್ಕೋಬೇಕು."